ಇಟ್ಟಂಗಿ ಪುಡಿಯ ಮೇಲೆ ಆಡುವ ಆಟ

ಟೆನಿಸ್ ಅಂದರೆ ಹಸಿರು ಹುಲ್ಲು, ಬಿಳಿ ಬಟ್ಟೆ, ಸಾಹೇಬರ ಕ್ಲಬ್ಬು. ನಮ್ಮ ಮಸ್ಕಿ, ಸಿಂಧನೂರು ಕಡೆ ಬಹಳ ಜನರ ಮನಸ್ಸಿನಲ್ಲಿ ಈ ಆಟದ ಚಿತ್ರ ಇಷ್ಟೇ. ಆದರೆ ಜಗತ್ತಿನ ನಾಲ್ಕು ದೊಡ್ಡ ಟೆನಿಸ್ ಟೂರ್ನಿಗಳಲ್ಲಿ ಒಂದಾದ ಪ್ಯಾರಿಸ್‌ನ ಫ್ರೆಂಚ್ ಓಪನ್ ನಡೆಯುವುದು ಹುಲ್ಲಿನ ಮೇಲಲ್ಲ. ಇಟ್ಟಂಗಿ ಕುಟ್ಟಿ ಮಾಡಿದ ಕೆಂಪು ಪುಡಿಯ ಮೇಲೆ. ಆ ನೆಲದಲ್ಲಿ ನಮ್ಮ ಕೊಡಗಿನ ಒಬ್ಬರು ಕಪ್ ಗೆದ್ದಿದ್ದಾರೆ. ಹಾಗಾಗಿ ಈ ಕೆಂಪು ಮಣ್ಣಿನ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇವೆ.

ಈ ನೆಲದ ಹುಟ್ಟಿನ ಹಿಂದೆ ಕುಂಬಾರರಿದ್ದಾರೆ. 1880ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಮತ್ತು ಅರ್ನೆಸ್ಟ್ ರೆನ್‌ಶಾ ಎಂಬ ಅವಳಿ ಅಣ್ಣತಮ್ಮಂದಿರು ಫ್ರಾನ್ಸಿನ ದಕ್ಷಿಣದ ಕಾನ್ ಊರಿನಲ್ಲಿ ಟೆನಿಸ್ ಕಲಿಸುತ್ತಿದ್ದರಂತೆ. ಅಲ್ಲಿನ ಬಿಸಿಲಿಗೆ ಹುಲ್ಲು ಒಣಗಿ ಹೋಗುತ್ತಿತ್ತು. ಹತ್ತಿರದ ವಲ್ಲೋರಿಸ್ ಎಂಬ ಊರು ಮಡಿಕೆ ಕುಡಿಕೆಗೆ ಹೆಸರಾದದ್ದು. ಆವಿಗೆಯಲ್ಲಿ ಒಡೆದು ಹಾಳಾದ ಮಡಿಕೆಗಳನ್ನು ಪುಡಿ ಮಾಡಿಸಿ ತಂದು ಅಂಕಣದ ಮೇಲೆ ಹರಡಿದರು ಎಂಬುದು ಚಾಲ್ತಿಯಲ್ಲಿರುವ ಕಥೆ. ಮುಂದೆ ಮಡಿಕೆಯ ಬದಲು ಇಟ್ಟಂಗಿ ಬಂತು.

ಹೆಸರಿಗೆ ಮಣ್ಣಿನ ಅಂಕಣ ಅಂದರೂ ಇದು ಬರೀ ಮಣ್ಣಲ್ಲ. ತಳದಲ್ಲಿ ಕಲ್ಲು, ಅದರ ಮೇಲೆ ಸುಟ್ಟ ಕಲ್ಲಿದ್ದಲಿನ ಕಿಟ್ಟ, ಆಮೇಲೆ ಸುಣ್ಣಕಲ್ಲಿನ ಪುಡಿ, ಎಲ್ಲಕ್ಕಿಂತ ಮೇಲೆ ಒಂದೆರಡು ಮಿಲಿಮೀಟರ್ ದಪ್ಪದ ಇಟ್ಟಂಗಿ ಪುಡಿ. ಟಿವಿಯಲ್ಲಿ ಕಾಣುವ ಕೆಂಪು ಅಷ್ಟೇ ತೆಳುವಾದದ್ದು. ಮೇಲಿನಿಂದ ನೀರು ಚಿಮುಕಿಸಿ ಹಸಿ ಕಾಪಾಡಬೇಕು, ಆಟ ಮುಗಿದ ಮೇಲೆ ಬಲೆ ಎಳೆದು ಸಮ ಮಾಡಬೇಕು. ನಮ್ಮ ಎರಿ ಭೂಮಿಯನ್ನು ಹಾಗೇ ಹಸನು ಮಾಡಿ ಆಡುತ್ತೇವೆ ಅಂದರೆ ಆಗದು. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಭಾರತದಲ್ಲಿ ಹಿಂದೆ ಸಗಣಿ ಸಾರಿಸಿದ ಟೆನಿಸ್ ಅಂಕಣಗಳೂ ಇದ್ದವು. ಸುಗ್ಗಿಯಲ್ಲಿ ಕಣ ಮಾಡಿದವರಿಗೆ ಅದರ ಗುಟ್ಟು ಹೇಳಬೇಕಿಲ್ಲ.

ಈ ಪುಡಿಯ ಮೇಲೆ ಬಿದ್ದ ಚೆಂಡು ವೇಗ ಕಳೆದುಕೊಂಡು ಎತ್ತರಕ್ಕೆ ಪುಟಿಯುತ್ತದೆ. ಒಂದೇ ಏಟಿಗೆ ಪಾಯಿಂಟ್ ಮುಗಿಸುವುದು ಕಷ್ಟ. ದಮ್ಮು ಇದ್ದವರ ಆಟ ಇದು. ಸ್ಪೇನ್‌ನ ರಫೆಲ್ ನಡಾಲ್ ಇಲ್ಲಿ 14 ಸಲ ಗೆದ್ದರು, ಹೆಣ್ಣುಮಕ್ಕಳಲ್ಲಿ ಅಮೆರಿಕದ ಕ್ರಿಸ್ ಎವರ್ಟ್ 7 ಸಲ.

ಇನ್ನು ಈ ಟೂರ್ನಿಯ ಬಾಗಿಲು ಯಾರಿಗೆ ಯಾವಾಗ ತೆರೆಯಿತು ಎಂಬುದು. ನಮಗೆ ಹೆಚ್ಚು ಹಿಡಿಸಿದ್ದು ಇದೇ. 1891ರಲ್ಲಿ ಶುರುವಾದಾಗ ಆಡಿದವರು ಗಂಡಸರು ಮಾತ್ರ, ಅದೂ ಫ್ರಾನ್ಸಿನ ಕ್ಲಬ್ ಸದಸ್ಯರು. ಹೆಂಗಸರಿಗೆ 1897ರಲ್ಲಿ ಅವಕಾಶ ಸಿಕ್ಕಿತು. ಹೊರದೇಶದವರಿಗೆ ಬಾಗಿಲು ತೆರೆದದ್ದು 1925ರಲ್ಲಿ. ಈಗಿನ ಕ್ರೀಡಾಂಗಣ ಕಟ್ಟಿದ್ದು 1928ರಲ್ಲಿ. ಅದಕ್ಕೆ ಇಟ್ಟ ಹೆಸರು ಟೆನಿಸ್ ಆಟಗಾರನದ್ದಲ್ಲ, 1913ರಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ವಿಮಾನದಲ್ಲಿ ದಾಟಿ, 1918ರಲ್ಲಿ ಯುದ್ಧದಲ್ಲಿ ಸತ್ತ ರೋಲಾಂ ಗಾರೋಸ್ ಎಂಬ ಪೈಲಟ್‌ನದ್ದು. ಎರಡನೇ ಮಹಾಯುದ್ಧ ಶುರುವಾದಾಗ ಇದೇ ಕ್ರೀಡಾಂಗಣದಲ್ಲಿ ಸರ್ಕಾರಕ್ಕೆ ಬೇಡವಾದ ಪರದೇಶಿಗಳನ್ನು ಕೂಡಿಹಾಕಿದ್ದರು ಎಂಬುದನ್ನೂ ಮರೆಯಬಾರದು.

ಹಣ ತೆಗೆದುಕೊಂಡು ಆಡುವವರಿಗೆ ಮಾತ್ರ 1968ರ ತನಕ ಪ್ರವೇಶವಿರಲಿಲ್ಲ. ಮನೆಯಲ್ಲಿ ಆಸ್ತಿ ಇದ್ದವರು 'ಹವ್ಯಾಸಿ' ಎಂದು ಗೌರವದಿಂದ ಆಡಬಹುದು, ಆಟವನ್ನೇ ನಂಬಿ ಬದುಕುವವರು ಹೊರಗೆ ನಿಲ್ಲಬೇಕು. ಆಸ್ಟ್ರೇಲಿಯಾದ ಕೆನ್ ರೋಸ್‌ವಾಲ್ 1953ರಲ್ಲಿ ಇಲ್ಲಿ ಗೆದ್ದು, ವೃತ್ತಿಪರರಾಗಿ ಹೊರಗುಳಿದು, 1968ರಲ್ಲಿ ಬಾಗಿಲು ತೆರೆದ ಕೂಡಲೇ ಮರಳಿ ಬಂದು ಮತ್ತೆ ಗೆದ್ದರು. ನಡುವೆ 15 ವರ್ಷ! ಆ ವರ್ಷ ಪ್ಯಾರಿಸ್‌ನಲ್ಲಿ ವಿದ್ಯಾರ್ಥಿಗಳ, ಕಾರ್ಮಿಕರ ದೊಡ್ಡ ಮುಷ್ಕರ ನಡೆದಿತ್ತು. ಬಸ್ಸು ರೈಲು ನಿಂತಿದ್ದರೂ ಜನ ಬಂದು ಕ್ರೀಡಾಂಗಣ ತುಂಬಿದರು.

ಅದೇ 1968ರಲ್ಲಿ ಬಹುಮಾನದ ಲೆಕ್ಕ ನೋಡಿ. ಗಂಡಸರ ಸಿಂಗಲ್ಸ್ ಗೆದ್ದವರಿಗೆ 15,000 ಫ್ರಾಂಕ್, ಹೆಂಗಸರ ಸಿಂಗಲ್ಸ್ ಗೆದ್ದವರಿಗೆ 5,000. ಗೆದ್ದ ಅಮೆರಿಕದ ನ್ಯಾನ್ಸಿ ರಿಚಿ ಆಗಿನ್ನೂ ಹವ್ಯಾಸಿ ಪಟ್ಟಿಯಲ್ಲಿದ್ದ ಕಾರಣ ಅದೂ ಅವರ ಕೈಗೆ ಬರಲಿಲ್ಲ. ನಮ್ಮ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಹೆಣ್ಣಾಳಿಗೊಂದು ಕೂಲಿ, ಗಂಡಾಳಿಗೊಂದು ಕೂಲಿ ಅನ್ನುವ ಪದ್ಧತಿ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಬಿಲ್ಲಿ ಜೀನ್ ಕಿಂಗ್ ಮತ್ತು ಜೊತೆಗಾರ್ತಿಯರು ಜಗಳ ತೆಗೆದು, ಬೇರೆ ಟೂರ್ನಿ ಮಾಡಿಕೊಂಡು, ಸಂಘ ಕಟ್ಟಿದರು. ಅಮೆರಿಕದ ಯುಎಸ್ ಓಪನ್ 1973ರಲ್ಲೇ ಸಮ ಬಹುಮಾನ ಕೊಟ್ಟಿತು. ಪ್ಯಾರಿಸ್‌ನವರು 2006ರಲ್ಲಿ ಗೆದ್ದವರಿಗೆ ಮಾತ್ರ ಸಮ ಮಾಡಿ, 2007ರಲ್ಲಿ ಎಲ್ಲ ಸುತ್ತುಗಳಿಗೂ ಸಮ ಮಾಡಿದರು. ಕೇಳದಿದ್ದರೆ ಅದೂ ಆಗುತ್ತಿರಲಿಲ್ಲ ಎಂಬುದು ನಮ್ಮ ಅನಿಸಿಕೆ.

ಗಂಡು ಹೆಣ್ಣು ಜೋಡಿಯಾಗಿ ಆಡುವ ಮಿಶ್ರ ಡಬಲ್ಸ್‌ನಲ್ಲೇ ಭಾರತದ ಖಾತೆ ತೆರೆದದ್ದು. 1997ರಲ್ಲಿ ಮಹೇಶ್ ಭೂಪತಿ, ಜಪಾನಿನ ರಿಕಾ ಹಿರಾಕಿ ಜೊತೆ ಇಲ್ಲಿ ಗೆದ್ದು, ಗ್ರ್ಯಾನ್ ಸ್ಲಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 1999ರಲ್ಲಿ ಲಿಯಾಂಡರ್ ಪೇಸ್ ಜೊತೆ ಪುರುಷರ ಡಬಲ್ಸ್, 2012ರಲ್ಲಿ ಸಾನಿಯಾ ಮಿರ್ಜಾ ಜೊತೆ ಮತ್ತೆ ಮಿಶ್ರ ಡಬಲ್ಸ್.

ಆಮೇಲೆ ಬಂದದ್ದು 2017ರ ಜೂನ್ 8. ಕೊಡಗಿನ ರೋಹನ್ ಬೋಪಣ್ಣ, ಕೆನಡಾದ ಗೇಬ್ರಿಯೆಲಾ ದಬ್ರೋವ್ಸ್ಕಿ ಒಂದು ಕಡೆ. ಜರ್ಮನಿಯ ಅನ್ನಾ ಲೆನಾ ಗ್ರೋನೆಫೆಲ್ಡ್, ಕೊಲಂಬಿಯಾದ ರಾಬರ್ಟ್ ಫರಾ ಇನ್ನೊಂದು ಕಡೆ. ಮೊದಲ ಸೆಟ್ 2-6ರಿಂದ ಹೋಯಿತು, ಎರಡನೆಯದು 6-2ರಿಂದ ಬಂತು. ಮಿಶ್ರ ಡಬಲ್ಸ್‌ನಲ್ಲಿ ಮೂರನೇ ಸೆಟ್ ಪೂರ್ತಿ ಆಡಿಸುವುದಿಲ್ಲ, ಎರಡು ಪಾಯಿಂಟ್ ಅಂತರದಲ್ಲಿ ಮೊದಲು 10 ಮುಟ್ಟಿದವರು ಗೆದ್ದಂತೆ. ಅಲ್ಲಿ ಎದುರಾಳಿಗೆ ಇನ್ನೊಂದೇ ಪಾಯಿಂಟ್ ಸಾಕು ಅನ್ನುವ ಸ್ಥಿತಿ ಎರಡು ಸಲ ಬಂತು. ಎರಡು ಸಲವೂ ಪಾರಾಗಿ 12-10ರಿಂದ ಗೆದ್ದರು. ಬೋಪಣ್ಣನವರಿಗೆ ಆಗ 37 ವರ್ಷ, ಅದು ಅವರ ಮೊದಲ ಗ್ರ್ಯಾನ್ ಸ್ಲಾಮ್ ಪ್ರಶಸ್ತಿ. ಕೆನಡಾದ ಹೆಣ್ಣುಮಗಳೊಬ್ಬಳು ಗ್ರ್ಯಾನ್ ಸ್ಲಾಮ್ ಗೆದ್ದದ್ದೂ ಅಂದೇ ಮೊದಲು.

ಬೋಪಣ್ಣ ಕಾಫಿ ತೋಟದ ಮನೆಯವರು, ಬಡವರೇನಲ್ಲ. ಆದರೂ ಕೊಡಗಿನಂಥ ಕಡೆಯಿಂದ ಹೊರಟ ದಾರಿ ಸಣ್ಣದಲ್ಲ. ಸರ್ವ್‌ಗೆ ತೋಳು ಗಟ್ಟಿಯಾಗಲೆಂದು ಸೌದೆ ಸೀಳಿದ್ದು, ದಮ್ಮಿಗಾಗಿ ತೋಟದಲ್ಲಿ ಓಡಿದ್ದು, ಬಿರುಕು ಬಿಟ್ಟ ಅಂಕಣಗಳಲ್ಲಿ ಆಡಿದ್ದನ್ನು ಅವರು 2025ರ ನವೆಂಬರ್‌ನಲ್ಲಿ ನಿವೃತ್ತಿ ಹೇಳುವಾಗ ನೆನೆದರು. ಅದಕ್ಕೂ ಮುಂಚೆ 2024ರ ಜನವರಿಯಲ್ಲಿ, 43ನೇ ವಯಸ್ಸಿಗೆ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಜಗತ್ತಿನ ನಂಬರ್ 1 ಆಗಿದ್ದರು.

ನಮ್ಮ ಕಲ್ಯಾಣ ಕರ್ನಾಟಕಕ್ಕೂ ದೊಡ್ಡ ಟೆನಿಸ್ ಬಂದಿದೆ. 2023ರ ಕೊನೆಯಲ್ಲಿ ಕಲಬುರಗಿಯಲ್ಲಿ ನಡೆದ ಅಂತರರಾಷ್ಟ್ರೀಯ ಪುರುಷರ ಟೂರ್ನಿಯನ್ನು ರಾಮಕುಮಾರ್ ರಾಮನಾಥನ್ ಗೆದ್ದರು. ಅದು ಗಟ್ಟಿ ನೆಲದ ಆಟ, ಕೆಂಪು ಪುಡಿಯದ್ದಲ್ಲ.

ಕೆಂಪು ಪುಡಿಯ ಆಟ ನೋಡಬೇಕೆಂದರೆ ಮೇ ಕೊನೆ, ಜೂನ್ ಮೊದಲ ವಾರ ನೆನಪಿಡಿ. ಮುಂಗಾರು ಮಳೆಗೆ ನಾವು ಮುಗಿಲು ನೋಡುವ ಹೊತ್ತು. ಪ್ಯಾರಿಸ್‌ನಲ್ಲಿ ಬೆಳಿಗ್ಗೆ 11 ಅಂದರೆ ನಮ್ಮಲ್ಲಿ ಮಧ್ಯಾಹ್ನ ಎರಡೂವರೆ. ಚೆಂಡು ಗೆರೆಯ ಒಳಗೋ ಹೊರಗೋ ಎಂದು ತಕರಾರು ಬಂದಾಗ ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದು, ಬಗ್ಗಿ, ಪುಡಿಯ ಮೇಲಿನ ಗುರುತು ನೋಡಿ ತೀರ್ಪು ಕೊಡುತ್ತಾರೆ. ಉಳಿದ ದೊಡ್ಡ ಟೂರ್ನಿಗಳು ಗೆರೆ ಕಾಯುವ ಕೆಲಸವನ್ನು ಯಂತ್ರಕ್ಕೆ ಬಿಟ್ಟ ಮೇಲೂ, 2025ರಲ್ಲಿ ಪ್ಯಾರಿಸ್‌ನಲ್ಲಿ ಆ ಕೆಲಸ ಮನುಷ್ಯರೇ ಮಾಡಿದರು.