ಕುಡಿತ ಬಿಟ್ಟ ಮೇಲೆ ಮುಂದೇನು? ಸೋಬರ್ ಹೋಮ್‌ಗಳ ಕೆಲಸ ತಿಳಿಯೋಣ

'ಮನಸ್ಸು ಗಟ್ಟಿ ಮಾಡಿದರೆ ಕುಡಿತ ಒಂದೇ ದಿನದಲ್ಲಿ ಬಿಡಬಹುದು' ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ ಮಾತ್ರ.

ಪ್ರತಿಜ್ಞೆಯೊಂದೇ ಸಾಕೇ?

ಬಾಗಲಕೋಟೆ ಜಿಲ್ಲೆಗೆ ಈ ಪ್ರಶ್ನೆ ಹೊಸದಲ್ಲ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ' ಆರಂಭಿಸಿ, ದವಸ ಧಾನ್ಯದ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಚಟ ಹಾಕಿದವರು ಮರುದಿನ ಅದೇ ಗೆಳೆಯರ, ಅದೇ ಅಂಗಡಿಯ ನಡುವೆ ಬದುಕಬೇಕು. ಕಷ್ಟವಿರುವುದು ಅಲ್ಲಿ.

ಏಕಾಏಕಿ ನಿಲ್ಲಿಸಬಹುದೇ?

ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ವೈದ್ಯರನ್ನು ಕೇಳದೆ ನಿಲ್ಲಿಸುವುದು ಅಪಾಯ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ನಡುಕ, ಭ್ರಮೆ, ಗೊಂದಲ ಕಾಣಿಸಬಹುದು. ಇದು ದೆವ್ವ ಹಿಡಿದದ್ದಲ್ಲ. ಜೀವಕ್ಕೇ ಕುತ್ತು ತರಬಲ್ಲ ಸ್ಥಿತಿ. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಸೋಬರ್ ಹೋಮ್ ಎಂದರೇನು?

ಇದು ಆಸ್ಪತ್ರೆಯಲ್ಲ, ವ್ಯಸನಮುಕ್ತಿ ಕೇಂದ್ರವೂ ಅಲ್ಲ. ಚಿಕಿತ್ಸೆ ಮುಗಿದವರು ಕೆಲವು ಕಾಲ ಒಟ್ಟಿಗೆ ವಾಸಿಸುವ, ಮದ್ಯ ಮತ್ತು ಮಾದಕ ವಸ್ತುಗಳಿಲ್ಲದ ಮನೆ. ಹಗಲು ದುಡಿಯಲು ಹೋಗುತ್ತಾರೆ. ಬಾಡಿಗೆ, ಮನೆಗೆಲಸ ಹಂಚಿಕೊಳ್ಳುತ್ತಾರೆ. ಅಮೆರಿಕದ 'ಆಕ್ಸ್‌ಫರ್ಡ್ ಹೌಸ್' ಮನೆಗಳು ಆರಂಭವಾದದ್ದೂ 1975ರಲ್ಲೇ. ಅಲ್ಲಿ ನಿವಾಸಿಗಳೇ ಆಡಳಿತ ನಡೆಸುತ್ತಾರೆ. ಮತ್ತೆ ಕುಡಿದವರು ಮನೆ ಬಿಡಬೇಕು.

ಇದರಿಂದ ಫಲವಿದೆಯೇ?

2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿಕಿತ್ಸೆ ಮುಗಿಸಿದ 150 ಜನರನ್ನು ಎರಡು ಗುಂಪು ಮಾಡಲಾಯಿತು. ಎರಡು ವರ್ಷಗಳ ಬಳಿಕ ಮದ್ಯ ಅಥವಾ ಮಾದಕ ವಸ್ತು ಬಳಸುತ್ತಿದ್ದವರು ಆಕ್ಸ್‌ಫರ್ಡ್ ಹೌಸ್ ಗುಂಪಿನಲ್ಲಿ ಸುಮಾರು ಶೇ 31. ಸಾಮಾನ್ಯ ಆರೈಕೆ ಪಡೆದವರಲ್ಲಿ ಸುಮಾರು ಶೇ 65.

ಇಂಥ ಮನೆ ಹತ್ತಿರದಲ್ಲಿ ಇಲ್ಲದಿದ್ದರೆ?

ಬಾದಾಮಿಯಿರಲಿ, ಹುನಗುಂದವಿರಲಿ, ಇದೇ ತತ್ವವನ್ನು ಮನೆಯಲ್ಲಿ ಪಾಲಿಸಬಹುದು. ಮನೆಯಲ್ಲಿ ಯಾರೂ ಮದ್ಯ ಇಡಬಾರದು. ಸಂಜೆಯ ಹೊತ್ತಿಗೆ ಬೇರೆ ಕೆಲಸ, ಬೇರೆ ಜೊತೆ ಇರಲಿ. ಧರ್ಮಸ್ಥಳ ಯೋಜನೆಯ ಎಂಟು ದಿನಗಳ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ 'ನವಜೀವನ ಸಮಿತಿ'ಗಳಿರುವುದೂ ಈ ಕಾರಣಕ್ಕೇ. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವಿಲ್ಲ.

ಮತ್ತೆ ಕುಡಿದರೆ ಎಲ್ಲ ಮುಗಿಯಿತು ಎಂದಲ್ಲ. ಸಕ್ಕರೆ ಕಾಯಿಲೆಯಂತೆ ವ್ಯಸನಕ್ಕೂ ದೀರ್ಘಕಾಲದ ನಿಗಾ ಬೇಕು. ಬೈಗುಳ ಬೇಡ, ಚಿಕಿತ್ಸೆಗೆ ಮರಳಿ ಕರೆದೊಯ್ಯಿರಿ. ಸಲಹೆಗೆ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಉಚಿತ.