ಆರು ಮನೆಯ ಒಕ್ಕೂಟ, ಕುವೈತಿನ ಜಗಲಿ

ಸ್ಮರಣ ಸಂಚಿಕೆಗೆ ಲೇಖನ ಕೊಡಿ ಎಂದು ಸಂಪಾದಕ ಮಿತ್ರರು ಕೇಳಿದಾಗ, "ರಕ್ತದೊತ್ತಡ, ಸಕ್ಕರೆ ಕಾಯಿಲೆ ಬಿಟ್ಟು ಬೇರೆ ಏನಾದರೂ ಬರೆಯಿರಿ ಡಾಕ್ಟ್ರೇ" ಎಂದು ಮೊದಲೇ ಷರತ್ತು ಹಾಕಿದರು. ಹೋದ ಸಲ ನಾವು ಬರೆದದ್ದು ಅದನ್ನೇ ಅಲ್ಲವೇ! ಆದ್ದರಿಂದ ಈ ಬಾರಿ ನಮಗೆ ಅನ್ನ ಕೊಟ್ಟಿರುವ ಈ ನಾಡಿನ ಚರಿತ್ರೆಯ ಒಂದು ಪುಟವನ್ನು ಓದುಗರ ಮುಂದಿಡುವ ಸಾಹಸ ಮಾಡಿದ್ದೇವೆ. ನಾವು ಇತಿಹಾಸ ಓದಿದವರಲ್ಲ. ರೋಗಿಯ ಪೂರ್ವಚರಿತ್ರೆ ಕೇಳದೆ ಔಷಧ ಬರೆಯಬಾರದೆಂದು ಕಲಿತವರು, ಅಷ್ಟೇ.

2016ರ ಜೂನ್ 23ರಂದು ಬ್ರಿಟನ್ನಿನ ಜನ ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಮತ ಹಾಕಿದರು. ಬಿಡೋಣ ಎಂದವರು ನೂರಕ್ಕೆ ಸುಮಾರು 52, ಇರೋಣ ಎಂದವರು 48. ಆ ದಿನಗಳಲ್ಲಿ ನಮ್ಮ ಆಸ್ಪತ್ರೆಯ ಚಹಾದ ಕೋಣೆಯಲ್ಲಿ ಇದೇ ಮಾತು. ಅಲ್ಲಿದ್ದ ಈಜಿಪ್ಟಿನ ವೈದ್ಯರೊಬ್ಬರು, "ಸದ್ಯ, ನಮ್ಮ ಕೊಲ್ಲಿಯಲ್ಲಿ ಇಂಥ ರಗಳೆಯಿಲ್ಲ. ಆರೂ ದೇಶ ಅಣ್ಣತಮ್ಮಂದಿರು" ಎಂದರು. ನಾವೂ ತಲೆದೂಗಿದೆವು. ವರ್ಷ ತುಂಬುವುದಕ್ಕೆ ಇನ್ನೂ ಹದಿನೆಂಟು ದಿನವಿತ್ತು. 2017ರ ಜೂನ್ 5ರ ಬೆಳಿಗ್ಗೆ, ರಂಜಾನ್ ಉಪವಾಸದ ನಡುವೆ, ಸೌದಿ ಅರೇಬಿಯ, ಯುಎಇ, ಬಹರೇನ್ ಮತ್ತು ಈಜಿಪ್ಟ್ ದೇಶಗಳು ಕತಾರಿನೊಂದಿಗೆ ಸಂಬಂಧ ಕಡಿದುಕೊಂಡವು. ಕತಾರಿಗಿದ್ದ ಒಂದೇ ಒಂದು ಭೂಗಡಿ ಮುಚ್ಚಿತು. ಕತಾರಿನ ವಿಮಾನಗಳಿಗೆ ನೆರೆಯವರ ಆಕಾಶವೂ ಇಲ್ಲದಂತಾಯಿತು. ಕುವೈತ್ ಮತ್ತು ಒಮಾನ್ ಮಾತ್ರ ಬಾಗಿಲು ತೆರೆದಿಟ್ಟವು.

ಕುವೈತ್ ಹಾಗೇಕೆ ಮಾಡಿತು? ಅದಕ್ಕೆ ಹಿಂದಿನ ಕತೆ ನೋಡಬೇಕು.

ಕುವೈತಿಗೆ ಒಕ್ಕೂಟಗಳ ರುಚಿಯೂ ಗೊತ್ತು, ಕಹಿಯೂ ಗೊತ್ತು. 1899ರ ಜನವರಿಯಲ್ಲಿ ಶೇಖ್ ಮುಬಾರಕ್ ಬ್ರಿಟಿಷರೊಂದಿಗೆ ಒಪ್ಪಂದ ಮಾಡಿಕೊಂಡರು. ಅಂದಿನಿಂದ ಈ ಊರಿನ ವಿದೇಶ ವ್ಯವಹಾರ ಬ್ರಿಟಿಷರ ಕೈಗೆ ಹೋಯಿತು. ಆ ಕೈ ಈ ಕಡೆಗೆ ಚಾಚಿದ್ದು ನಮ್ಮ ಭಾರತದ ಮೂಲಕವೇ. ಪೇಟೆಯಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿ, ಹಡಗು ಕಟ್ಟುತ್ತಿದ್ದುದು ಮಲಬಾರಿನ ತೇಗದಲ್ಲಿ. ಚಿನ್ನದ ಕಳ್ಳಸಾಗಣೆ ಮಿತಿಮೀರಿದಾಗ 1959ರಲ್ಲಿ ಭಾರತ ಸರ್ಕಾರ ಕೊಲ್ಲಿಯಲ್ಲಿ ಮಾತ್ರ ನಡೆಯುವಂಥ ಬೇರೆ ಬಣ್ಣದ ರೂಪಾಯಿ ನೋಟುಗಳನ್ನು ರಿಸರ್ವ್ ಬ್ಯಾಂಕಿನಿಂದಲೇ ಹೊರಡಿಸಿತು. ಎರಡೇ ವರ್ಷದಲ್ಲಿ ಕುವೈತ್ ಆ ಕೂಟದಿಂದ ಮೊದಲು ಹೊರಬಂತು. 1961ರ ಏಪ್ರಿಲ್ 1ರಂದು ದಿನಾರ್ ಬಂತು. ಒಂದು ದಿನಾರಿಗೆ ಹದಿಮೂರು ರೂಪಾಯಿ ಐದು ಆಣೆ ನಾಲ್ಕು ಪೈ! ಇಂದು ಊರಿಗೆ ಹಣ ಕಳಿಸುವಾಗ ದಿನವೂ ದರ ನೋಡುವ ನಮ್ಮವರು ಈ ಲೆಕ್ಕ ಓದಿ ಒಮ್ಮೆ ನಕ್ಕುಬಿಡಲಿ. ಅದೇ ವರ್ಷ ಜೂನ್ 19ರಂದು 1899ರ ಒಪ್ಪಂದವೂ ಮುಗಿದು ಕುವೈತ್ ಸ್ವತಂತ್ರವಾಯಿತು. ಉಳಿದ ನೆರೆಯವರು ರೂಪಾಯಿಯನ್ನು ಇನ್ನೂ ಕೆಲವು ವರ್ಷ ಇಟ್ಟುಕೊಂಡಿದ್ದರು. 1966ರ ಜೂನ್ 6ರಂದು ಭಾರತ ರೂಪಾಯಿಯ ಬೆಲೆ ಇಳಿಸಿದಾಗ ಕತಾರ್ ಮತ್ತು ದುಬೈ ಕಡೆಯವರಿಗೆ ಪೆಟ್ಟು ಬಿತ್ತು. ಮೊದಲೇ ಹೊರಬಂದಿದ್ದ ಕುವೈತಿಗೆ ಬೀಳಲಿಲ್ಲ. ಆದರೂ ಇಲ್ಲಿನ ಹಳಬರ ಬಾಯಲ್ಲಿ ನೂರು ಫಿಲ್ಸ್ ಈಗಲೂ 'ರುಬಿಯ'. ಮನೆ ಬಿಟ್ಟು ಬಂದರೂ ಹೆಸರು ಬಿಟ್ಟು ಹೋಗುವುದಿಲ್ಲ ನೋಡಿ.

ಕಹಿಯ ಕತೆ ಇದಕ್ಕಿಂತ ಹಳೆಯದು. 1922ರ ಕೊನೆಯಲ್ಲಿ ಉಖೈರ್ ಎಂಬ ಊರಿನಲ್ಲಿ ಬ್ರಿಟಿಷ್ ಅಧಿಕಾರಿ ಸರ್ ಪರ್ಸಿ ಕಾಕ್ಸ್ ಗಡಿ ಗೀಚಿ, ಕುವೈತ್ ತನ್ನದೆಂದು ಹೇಳುತ್ತಿದ್ದ ನೆಲದಲ್ಲಿ ಮೂರನೇ ಎರಡು ಪಾಲನ್ನು ಇಬ್ನ್ ಸೌದ್ ಅವರಿಗೆ ಕೊಟ್ಟರು. ಅದು ಸಾಲದೆಂಬಂತೆ ಮರುವರ್ಷದಿಂದ ದಿಗ್ಬಂಧನ. ಮರುಭೂಮಿಯ ಬೆದುಯಿನ್ ಜನ ಕುವೈತಿನ ಪೇಟೆಗೆ ಬಂದು ಅಕ್ಕಿ, ಬಟ್ಟೆ ಕೊಂಡು ಹೋಗುತ್ತಿದ್ದರು. ಅವರಿಂದ ಬರಬೇಕಾದ ಸುಂಕ ತನಗೆ ಸೇರಬೇಕೆಂದು ಇಬ್ನ್ ಸೌದ್ ಕೇಳಿದರು, ಶೇಖ್ ಅಹ್ಮದ್ ಒಪ್ಪಲಿಲ್ಲ, ದಾರಿ ಮುಚ್ಚಿತು. 1937ರವರೆಗೆ, ಹದಿನಾಲ್ಕು ವರ್ಷ! ಅದೇ ಹೊತ್ತಿಗೆ ಜಪಾನಿನ ಕೃತಕ ಮುತ್ತು ಬಂದು ಇಲ್ಲಿನ ಮುತ್ತಿನ ವ್ಯಾಪಾರವೂ ನೆಲಕಚ್ಚಿತ್ತು. ಎಣ್ಣೆ ಸಿಕ್ಕಿದ್ದು 1938ರಲ್ಲಿ. ಅದಕ್ಕೆ ಮೊದಲಿನ ಕುವೈತಿನ ಬಡತನವನ್ನು ಇಂದಿನ ಮಾಲ್‌ಗಳಲ್ಲಿ ನಿಂತು ಊಹಿಸುವುದು ಕಷ್ಟ.

ಇಷ್ಟೆಲ್ಲ ಕಂಡ ಮೇಲೂ ಕೊಲ್ಲಿಯವರೆಲ್ಲ ಒಂದಾಗಬೇಕೆಂದು ಓಡಾಡಿದವರಲ್ಲಿ ಕುವೈತಿನವರೇ ಮುಂದಿದ್ದರು. 1981ರ ಮೇ 25ರಂದು ಅಬುಧಾಬಿಯಲ್ಲಿ ಆರು ದೊರೆಗಳು ಸಹಿ ಹಾಕಿ ಕೊಲ್ಲಿ ಸಹಕಾರ ಮಂಡಳಿ ಹುಟ್ಟಿತು. ಅದರ ಮೊದಲ ಮಹಾಕಾರ್ಯದರ್ಶಿ ಕುವೈತಿನ ಅಬ್ದುಲ್ಲಾ ಬಿಶಾರಾ. ಒಂಬತ್ತು ವರ್ಷ ಕಳೆದು 1990ರ ಆಗಸ್ಟ್ 2ರಂದು ಇರಾಕ್ ನುಗ್ಗಿದಾಗ ಈ ನೆರೆಹೊರೆಯವರೇ ಕುವೈತಿನ ದೊರೆಗೂ ಪ್ರಜೆಗೂ ಆಶ್ರಯ ಕೊಟ್ಟರು. ಆಗ ಇಲ್ಲಿದ್ದ ನಮ್ಮ ಹಿರಿಯರು ಬಸ್ಸು ಹಿಡಿದು ಅಮ್ಮಾನಿಗೆ ಹೋಗಿ ಏರ್ ಇಂಡಿಯಾ ವಿಮಾನ ಹತ್ತಿದ ಕತೆ ಎಲ್ಲರಿಗೂ ಗೊತ್ತಿದೆ. ಆ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಒಕ್ಕೂಟ ಬೇಕು, ಆದರೆ ಎಷ್ಟು ಬೇಕು? ಜಗಳ ಇದ್ದದ್ದು ಇಲ್ಲಿ. 2003ರಿಂದ ಆರು ದೇಶಗಳಿಗೂ ನೂರಕ್ಕೆ ಐದರಂತೆ ಒಂದೇ ಸುಂಕ ಬಂತು. ಮುಂದೆ ಒಂದೇ ನಾಣ್ಯ ಆಗಬೇಕೆಂಬ ಗುರಿಯಿಂದ ಎಲ್ಲರೂ ಡಾಲರಿಗೆ ತಮ್ಮ ಹಣವನ್ನು ಕಟ್ಟಿಕೊಂಡರು. ಡಾಲರ್ ಇಳಿದಾಗ ಪೇಟೆಯ ಬೆಲೆ ಏರಿತು. 2007ರ ಮೇ 20ರಂದು ಕುವೈತ್ ಆ ಗಂಟು ಬಿಚ್ಚಿಕೊಂಡು ತನ್ನ ದಿನಾರನ್ನು ಹಲವು ನಾಣ್ಯಗಳ ಬುಟ್ಟಿಗೆ ಸೇರಿಸಿತು. ಒಂದೇ ನಾಣ್ಯದ ಯೋಜನೆಯಿಂದ ಒಮಾನ್ ಅದಕ್ಕೂ ಮೊದಲೇ, 2006ರಲ್ಲಿ ದೂರ ಸರಿದಿತ್ತು. ಯುಎಇ 2009ರಲ್ಲಿ, ಕೇಂದ್ರ ಬ್ಯಾಂಕು ರಿಯಾದಿನಲ್ಲಿ ಎಂದು ತೀರ್ಮಾನವಾದೊಡನೆ ಹೊರಬಂತು. ಅಂದರೆ ಮನೆ ಬಿಡುತ್ತೇವೆಂದು ಯಾರೂ ಹೇಳಲಿಲ್ಲ, ಅಡಿಗೆ ಮಾತ್ರ ಬೇರೆ ಮಾಡಿಕೊಂಡರು. ನಮ್ಮ ಅವಿಭಕ್ತ ಕುಟುಂಬಗಳನ್ನು ಕಂಡವರಿಗೆ ಇದು ಹೊಸತಲ್ಲ.

2011ರ ಡಿಸೆಂಬರಿನಲ್ಲಿ ಸೌದಿ ದೊರೆ ಅಬ್ದುಲ್ಲಾ ಅವರು ಸಹಕಾರ ಸಾಕು, ಇನ್ನು ಐಕ್ಯವಾಗೋಣ ಎಂದು ಕರೆ ಕೊಟ್ಟರು. ಎರಡು ವರ್ಷ ಅದರ ಮಾತೇ ಮಾತು. ಕಡೆಗೆ 2013ರ ಡಿಸೆಂಬರಿನಲ್ಲಿ, ಕುವೈತಿನಲ್ಲಿ ಶೃಂಗಸಭೆ ಇನ್ನೇನು ಮೂರು ದಿನವಿದೆ ಎನ್ನುವಾಗ, ಒಮಾನಿನ ವಿದೇಶ ವ್ಯವಹಾರದ ಮಂತ್ರಿ ಯೂಸುಫ್ ಬಿನ್ ಅಲಾವಿ ಮನಾಮದ ತುಂಬಿದ ಸಭೆಯಲ್ಲಿ ಎದ್ದು, ಐಕ್ಯ ನಮಗೆ ಬೇಡ, ಆದರೆ ಅದರಲ್ಲಿ ನಾವಿರುವುದಿಲ್ಲ ಎಂದುಬಿಟ್ಟರು. ಕೊಲ್ಲಿಯಲ್ಲಿ ಇಂಥ ಮಾತನ್ನು ಬಾಗಿಲು ಹಾಕಿಕೊಂಡು ಆಡುವುದು ವಾಡಿಕೆ. ಬಹಿರಂಗವಾಗಿ ಆಡಿದ್ದೇ ದೊಡ್ಡ ಸುದ್ದಿಯಾಯಿತು.

ಕುವೈತಿನಲ್ಲಿ ಮಾತ್ರ ಬಹಿರಂಗ ಚರ್ಚೆ ಹೊಸದಲ್ಲ. 1962ರ ಸಂವಿಧಾನ, 1963ರಿಂದ ಚುನಾಯಿತ ಶಾಸನಸಭೆ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ 'ದಿವಾನಿಯಾ'. ಇದು ನಮ್ಮ ಊರಿನ ಜಗಲಿಯಂತೆಯೇ. ಸಂಜೆಯ ಮೇಲೆ ಗಂಡಸರು ಸೇರಿ ಚಹಾ ಕುಡಿಯುತ್ತ ರಾಜಕೀಯವನ್ನು ಅರೆದು ಕುಡಿಯುವ ಜಾಗ. 2012ರಲ್ಲಿ ಆರು ದೇಶಗಳ ಭದ್ರತಾ ಒಪ್ಪಂದಕ್ಕೆ ಸಹಿ ಬಿದ್ದಾಗ ಇಲ್ಲಿ ಗದ್ದಲವೇ ಎದ್ದಿತು. ಒಕ್ಕೂಟ ಇರಲಿ, ಆದರೆ ನೆರೆಯವರ ಕಾನೂನು ನಮ್ಮ ಬಾಯಿ ಕಟ್ಟುವಂತಾಗಬಾರದು ಎಂದು ಒಂದು ಪಕ್ಷ. 1990ನ್ನು ಮರೆತಿರಾ, ಅಂದು ಕೈ ಹಿಡಿದವರು ಯಾರು ಎಂದು ಇನ್ನೊಂದು ಪಕ್ಷ. ನಾಡಿನ ಸಾರ್ವಭೌಮತ್ವವನ್ನು ಬಿಟ್ಟುಕೊಡುವಂತಿಲ್ಲ ಎಂದು ಕುವೈತ್ ಸಂವಿಧಾನದ ಮೊದಲನೆಯ ವಿಧಿಯೇ ಹೇಳುತ್ತದೆ. 2014ರಲ್ಲಿ ಶಾಸನಸಭೆಯ ವಿದೇಶಾಂಗ ಸಮಿತಿ ಒಪ್ಪಂದವನ್ನು ತಳ್ಳಿಹಾಕಿತು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತೆಂದು ನಮಗೆ ತೋರುತ್ತದೆ. ಕರ್ನಾಟಕದ ಏಕೀಕರಣದ ಕಾಲದಲ್ಲಿ ಹಳೇ ಮೈಸೂರಿನಲ್ಲೂ ನಮ್ಮ ಪಾಡಿಗೆ ನಾವು ಚೆನ್ನಾಗಿದ್ದೇವೆ ಎಂದವರು ಇದ್ದರಲ್ಲವೇ? ಅವರನ್ನೆಲ್ಲ ನಾಡದ್ರೋಹಿಗಳೆಂದು ಇಂದು ಯಾರೂ ಕರೆಯುವುದಿಲ್ಲ.

ಈಗ ಮತ್ತೆ 2017ಕ್ಕೆ ಬರೋಣ.

ಆ ಜೂನ್ ತಿಂಗಳಲ್ಲಿ ಯುಎಇಯಲ್ಲಿ ಕತಾರಿನ ಪರ ಮರುಕ ತೋರಿದವರಿಗೆ ಹದಿನೈದು ವರ್ಷದವರೆಗೆ ಸೆರೆವಾಸ ಎಂದು ಪ್ರಕಟಣೆ ಬಂತು. ಬಹರೇನಿನಲ್ಲಿ ಐದು ವರ್ಷ. ಭಿನ್ನಾಭಿಪ್ರಾಯವೇ ಅಪರಾಧವಾಯಿತು. ಕುವೈತಿನ ದಿವಾನಿಯಾಗಳಲ್ಲಿ ಮಾತ್ರ ಎರಡೂ ಕಡೆಯವರು ಒಂದೇ ದಿಂಬಿಗೆ ಒರಗಿ ವಾದಿಸುತ್ತಿದ್ದರು. ಹಳೆಯ ರೋಗಿಯೊಬ್ಬರ ಕರೆಯ ಮೇಲೆ ಅಂಥ ಒಂದು ಸಂಜೆಗೆ ನಾವೂ ಹೋಗಿದ್ದೆವು. ಕತಾರ್ ತನ್ನ ದೂರದರ್ಶನದಿಂದ ಎಲ್ಲರ ಮನೆಗೂ ಕಲ್ಲೆಸೆಯುತ್ತದೆ, ಬುದ್ಧಿ ಬರಲಿ ಎಂದು ಒಬ್ಬರು. ಇಂದು ಕತಾರ್, ನಾಳೆ ನಾವು ಎಂದು ಇನ್ನೊಬ್ಬರು. ಎಂಬತ್ತರ ಸಮೀಪದ ಆ ಮನೆಯ ಯಜಮಾನರು ಬಹಳ ಹೊತ್ತು ಜಪಮಾಲೆ ತಿರುಗಿಸುತ್ತಿದ್ದವರು ಕೊನೆಗೆ, "ನಮ್ಮ ತಂದೆಯ ಕಾಲದಲ್ಲಿ ನಮಗೂ ದಾರಿ ಮುಚ್ಚಿದ್ದರು. ಒಂಟೆ ಬರುವುದು ನಿಂತಾಗ ಮೊದಲು ಹಸಿದದ್ದು ಶೇಖರಲ್ಲ" ಎಂದರು. ಮತ್ತೆ ಮಾತು ಮುಂದುವರಿಯಿತು. ಯಾರೂ ಯಾರನ್ನೂ ಒಪ್ಪಿಸಲಿಲ್ಲ.

ಅಮೀರ್ ಶೇಖ್ ಸಬಾಹ್ ಅವರಿಗೆ ಆಗ 88 ವರ್ಷ. 1963ರಿಂದ ಸುಮಾರು ನಲವತ್ತು ವರ್ಷ ವಿದೇಶಾಂಗ ಮಂತ್ರಿಯಾಗಿದ್ದು, ಈ ಮಂಡಳಿ ಕಟ್ಟಿದ ತಲೆಮಾರಿನವರು. 2014ರಲ್ಲಿ ಮೂರು ದೇಶಗಳು ದೋಹಾದಿಂದ ರಾಯಭಾರಿಗಳನ್ನು ಹಿಂದಕ್ಕೆ ಕರೆಸಿಕೊಂಡಾಗಲೂ ಸಂಧಾನ ಮಾಡಿದ್ದವರು ಅವರೇ. ಈ ಸಲವೂ ಉಪವಾಸದ ದಿನಗಳಲ್ಲೇ ಜೆದ್ದಾ, ದುಬೈ, ದೋಹಾ ಎಂದು ಅಲೆದರು. ಹದಿಮೂರು ಬೇಡಿಕೆಗಳ ಪಟ್ಟಿ ಕತಾರಿಗೆ ತಲುಪಿದ್ದು ಕುವೈತಿನ ಕೈಯಿಂದಲೇ. ಅಕ್ಟೋಬರಿನಲ್ಲಿ ಕುವೈತಿನ ಶಾಸನಸಭೆಯ ಮುಂದೆ ನಿಂತು, ಈ ಮಂಡಳಿ ಕುಸಿದರೆ ಮುಂದಿನ ಪೀಳಿಗೆ ನಮ್ಮನ್ನು ಕ್ಷಮಿಸದು ಎಂಬರ್ಥದ ಮಾತಾಡಿದರು. ಅದೇ ತಿಂಗಳ ಕೊನೆಯಲ್ಲಿ ಬಹರೇನಿನ ವಿದೇಶಾಂಗ ಮಂತ್ರಿ ಕತಾರಿನ ಸದಸ್ಯತ್ವವನ್ನು ಅಮಾನತಿನಲ್ಲಿಡಬೇಕೆಂದು ಬಹಿರಂಗವಾಗಿ ಕೇಳಿದರು.

ಇಲ್ಲೊಂದು ತಮಾಷೆಯಿದೆ. ಐರೋಪ್ಯ ಒಕ್ಕೂಟಕ್ಕೆ ಹೊರಹೋಗುವ ವಿಧಿ ಇದೆ, ಐವತ್ತನೆಯದು. ಅದನ್ನು ಹಿಡಿದೇ ಬ್ರಿಟನ್ 2020ರ ಜನವರಿ 31ರಂದು ಹೊರಬಿತ್ತು. 1981ರ ಕೊಲ್ಲಿ ಮಂಡಳಿಯ ಸನ್ನದಿನಲ್ಲಿ ಹೊರಹೋಗುವುದು ಹೇಗೆಂದೂ ಇಲ್ಲ, ಹೊರಹಾಕುವುದು ಹೇಗೆಂದೂ ಇಲ್ಲ. ಮುಖ್ಯ ವಿಷಯಗಳಿಗೆ ಸರ್ವಾನುಮತ ಬೇಕು. ವ್ಯಾಜ್ಯ ತೀರಿಸಲು ಒಂದು ಸಮಿತಿ ಇರಬೇಕೆಂದು ಹತ್ತನೆಯ ವಿಧಿ ಹೇಳುತ್ತದೆ, ಆದರೆ ಆ ಬಾಗಿಲನ್ನು ಯಾರೂ ತಟ್ಟಲಿಲ್ಲ. 2017ರ ಡಿಸೆಂಬರ್ 5ರಂದು ಕುವೈತಿನ ಬಯಾನ್ ಅರಮನೆಯಲ್ಲಿ ಎರಡು ದಿನದ ಶೃಂಗಸಭೆ ಕೂಡಿತು. ಆರು ದೊರೆಗಳಲ್ಲಿ ಬಂದವರು ಇಬ್ಬರೇ, ಕರೆದ ಕುವೈತಿನ ಅಮೀರರು ಮತ್ತು ಕತಾರಿನ ಅಮೀರರು. ಉಳಿದವರು ಮಂತ್ರಿಗಳನ್ನೋ ಉಪಪ್ರಧಾನಿಯನ್ನೋ ಕಳಿಸಿದರು. ಅದೇ ದಿನ ಯುಎಇ ಸೌದಿಯೊಂದಿಗೆ ತನ್ನದೇ ಬೇರೆ ಜಂಟಿ ಸಮಿತಿ ಘೋಷಿಸಿತು. ಸಭೆ ಒಂದೇ ದಿನಕ್ಕೆ ಮುಗಿಯಿತು. ರಸ್ತೆಯ ಕಂಬಗಳಿಗೆ ಕಟ್ಟಿದ್ದ ಆರು ದೇಶಗಳ ಬಾವುಟಗಳು ಮಾತ್ರ ಇನ್ನೂ ಹಾರಾಡುತ್ತಿದ್ದವು. ಆಸ್ಪತ್ರೆಗೆ ಹೋಗುವಾಗ ಅವನ್ನು ನೋಡಿ, ವರ ಬಾರದ ಮದುವೆ ಚಪ್ಪರ ನೆನಪಾಯಿತು. ಆದರೂ ವೃದ್ಧ ಅಮೀರರು ಸನ್ನದನ್ನು ತಿದ್ದಿಯಾದರೂ ವ್ಯಾಜ್ಯ ತೀರಿಸುವ ದಾರಿ ಮಾಡೋಣ ಎಂದು ಆ ಖಾಲಿ ಸಭೆಯಲ್ಲೇ ಹೇಳಿದರು.

ನಮ್ಮ ಮನೆಗೂ ಇದರ ಬಿಸಿ ತಟ್ಟಿತ್ತು. ಮಂಗಳೂರಿನಲ್ಲಿ ನಮ್ಮೊಡನೆ ಎಂ.ಬಿ.ಬಿ.ಎಸ್. ಓದಿದ ಗೆಳೆಯ ದೋಹಾದಲ್ಲಿದ್ದಾನೆ, ಅವನ ತಂಗಿ ದುಬೈಯಲ್ಲಿ. ಆ ವರ್ಷ ಆಕೆಯ ಸೀಮಂತ. ಒಂದು ಗಂಟೆಯ ಹಾರಾಟಕ್ಕೆ ಅವನು ತಾಯಿಯನ್ನು ಕರೆದುಕೊಂಡು ಕುವೈತ್ ಸುತ್ತಿ ಹೋಗಬೇಕಾಯಿತು. ಇಲ್ಲಿನ ನಿಲ್ದಾಣದಲ್ಲಿ ಐದು ಗಂಟೆ ಕಾಯುವುದು. "ಮಾರಾಯ, ನಿನ್ನ ಊರಿನಲ್ಲೇ ಇದ್ದೇನೆ, ಹೊರಗೆ ಬರುವ ಹಾಗಿಲ್ಲ" ಎಂದು ಫೋನ್ ಮಾಡಿದ. ಅಮ್ಮ ಫೋನ್ ತೆಗೆದುಕೊಂಡು, "ಮಗಾ, ಸೌದಿಯವರಿಗೂ ನಮಗೂ ಏನು ಜಗಳ?" ಎಂದು ಕೇಳಿದರು. ಅವರ ಮಡಿಲಲ್ಲಿ ಬಳೆಯ ಡಬ್ಬಿ ಇತ್ತಂತೆ, ಒಡೆದೀತೆಂದು ಸಾಮಾನಿಗೆ ಹಾಕಿರಲಿಲ್ಲ. ನಮಗೆ ಉತ್ತರ ಹೊಳೆಯಲಿಲ್ಲ. ಹಾಗೆ ನೋಡಿದರೆ ನಮ್ಮದು ಸಣ್ಣ ತೊಂದರೆ. ಗಂಡ ಕತಾರಿನವ, ಹೆಂಡತಿ ಸೌದಿಯವಳು ಎಂಬಂಥ ಮನೆಗಳು ಎಷ್ಟೋ! ಹದಿನಾಲ್ಕು ದಿನದೊಳಗೆ ತಮ್ಮ ತಮ್ಮ ದೇಶಕ್ಕೆ ಹಿಂತಿರುಗಿ ಎಂಬ ಆಜ್ಞೆ ಬಿದ್ದದ್ದು ಅಂಥವರ ಮೇಲೆ. ಗಡಿಯಲ್ಲಿ ಮೇಯುತ್ತಿದ್ದ ಕತಾರಿಗರ ಒಂಟೆಗಳನ್ನೂ ಸಾವಿರಗಟ್ಟಲೆ ಅಟ್ಟಿದರು.

ಶೇಖ್ ಸಬಾಹ್ ಈ ಬಿರುಕು ಮುಚ್ಚುವುದನ್ನು ನೋಡಲಿಲ್ಲ. 2020ರ ಸೆಪ್ಟೆಂಬರ್ 29ರಂದು ತೀರಿಕೊಂಡರು. 2021ರ ಜನವರಿ 4ರ ರಾತ್ರಿ ಕುವೈತಿನ ವಿದೇಶಾಂಗ ಮಂತ್ರಿ ದೂರದರ್ಶನದಲ್ಲಿ ಕಾಣಿಸಿಕೊಂಡು ಸೌದಿ ಮತ್ತು ಕತಾರಿನ ನಡುವೆ ನೆಲ, ಜಲ, ಆಕಾಶ ಮೂರೂ ತೆರೆಯುತ್ತಿವೆ ಎಂದರು. ಮರುದಿನ ಅಲ್-ಉಲಾದಲ್ಲಿ ಒಪ್ಪಂದ. ಆ ಶೃಂಗಸಭೆಗೆ ಸುಲ್ತಾನ್ ಖಾಬೂಸ್ ಮತ್ತು ಶೇಖ್ ಸಬಾಹ್ ಅವರ ಹೆಸರನ್ನೇ ಇಟ್ಟಿದ್ದರು. ಹದಿಮೂರು ಬೇಡಿಕೆಗಳ ಮಾತು ಯಾರೂ ಎತ್ತಲಿಲ್ಲ. ಕತಾರ್ ಈ ನಡುವೆ 2019ರ ಜನವರಿಯಲ್ಲಿ ತೈಲ ರಾಷ್ಟ್ರಗಳ ಒಪೆಕ್ ಬಿಟ್ಟಿತ್ತು, ಆದರೆ ಕೊಲ್ಲಿ ಮಂಡಳಿ ಬಿಡಲಿಲ್ಲ. ಕುವೈತಿನ ಶಾಸನಸಭೆಯನ್ನು 2024ರ ಮೇ 10ರಂದು ವಿಸರ್ಜಿಸಿ, ನಾಲ್ಕು ವರ್ಷ ಮೀರದ ಅವಧಿಗೆ ಅದಕ್ಕೆ ಸಂಬಂಧಿಸಿದ ಕೆಲವು ವಿಧಿಗಳನ್ನು ಅಮಾನತಿನಲ್ಲಿಡಲಾಯಿತು. ದಿವಾನಿಯಾಗಳಲ್ಲಿ ಚಹಾ ಕಾಯುತ್ತಲೇ ಇದೆ.

ದೋಹಾ ಮತ್ತು ದುಬೈ ನಡುವೆ ನೇರ ವಿಮಾನ 2021ರ ಜನವರಿಯ ಕೊನೆಗೆ ಮತ್ತೆ ಶುರುವಾಯಿತು. ಸೀಮಂತದ ಆ ಮಗುವಿಗೆ ಆಗ ಮೂರು ವರ್ಷ ತುಂಬಿತ್ತು. ಗೆಳೆಯ ಟಿಕೆಟ್ಟು ತೆಗೆದ ದಿನ ಫೋನ್ ಮಾಡಿ, "ಇನ್ನು ನಿನ್ನ ಊರಿಗೆ ಬರುವುದಿದ್ದರೆ ಊಟಕ್ಕೇ ಬರುತ್ತೇನೆ" ಎಂದ. ಹಿಂದಿನಿಂದ ಅಮ್ಮನ ದನಿ, ಬಳೆಯ ಡಬ್ಬಿ ಎಲ್ಲಿಟ್ಟೆ ಎಂದು ಕೇಳುತ್ತಿದ್ದರು.