ಮಂಜುಗಡ್ಡೆಯ ನೆರೆ ಮತ್ತು ಬಿಂದು ಕಡಿತ: ಬ್ರ್ಯಾಂಪ್ಟನ್ನಿನ ಜಲಮಟ್ಟದ ಗ್ರಾಫನ್ನು ಕುರಿತು

1948ರ ಮಾರ್ಚ್‌ನಲ್ಲಿ ಎಟೋಬಿಕೋ ಹಳ್ಳ ಉಕ್ಕಿ ಕೆನಡಾದ ಬ್ರ್ಯಾಂಪ್ಟನ್ ಪೇಟೆ ಮುಳುಗಿತು. ಹಳ್ಳವನ್ನು ಪೇಟೆಯಿಂದ ಆಚೆ ತಿರುಗಿಸುವ ಕಾಂಕ್ರೀಟ್ ಕಾಲುವೆ 1952ರಲ್ಲಿ ಸಿದ್ಧವಾಯಿತು. 2022ರ ಫೆಬ್ರವರಿಯಲ್ಲಿ ಅದೇ ನಗರದ ಚರ್ಚ್‌ವಿಲ್‌ನಲ್ಲಿ ಕ್ರೆಡಿಟ್ ನದಿಗೆ ಮಂಜುಗಡ್ಡೆ ಅಡ್ಡಗಟ್ಟಿ ನೀರು ನುಗ್ಗಿತು. ಗಡ್ಡೆ ತಡೆದ ನೀರು ಒಂದೆರಡು ತಾಸಿನಲ್ಲೇ ಏರಿ, ತಡೆ ಒಡೆದೊಡನೆ ಇಳಿದುಬಿಡಬಲ್ಲದು. ಇಡೀ ವರ್ಷದ ಜಲಮಟ್ಟವನ್ನು ಒಂದೇ ಗ್ರಾಫಿನಲ್ಲಿ ತೋರಿಸಹೊರಟವರಿಗೆ ತೊಡಕು ಇಲ್ಲಿದೆ.

ಐದು ನಿಮಿಷಕ್ಕೊಮ್ಮೆ ಅಳೆದರೆ ವರ್ಷಕ್ಕೆ 1,05,120 ಬಿಂದುಗಳು. ಗ್ರಾಫಿನ ಅಗಲ 1,000 ಪಿಕ್ಸೆಲ್ ಎಂದುಕೊಂಡರೆ ಒಂದೊಂದು ಲಂಬಸಾಲಿಗೆ ಸುಮಾರು 105 ಬಿಂದು, ಎಂದರೆ ಎಂಟೂಮುಕ್ಕಾಲು ತಾಸಿನ ಅಳತೆ, ಬೀಳುತ್ತದೆ. ಬಹುಪಾಲು ಒಂದರ ಮೇಲೊಂದು ಕೂತು ಕಾಣುವುದೇ ಇಲ್ಲ. ಅವನ್ನು ಕೇರಿ ತೆಗೆಯಲೇಬೇಕು. ಆದರೆ ಜೊಳ್ಳು ಯಾವುದು? ನೂರಕ್ಕೊಂದನ್ನು ಹೆಕ್ಕಿದರೆ, ಎರಡು ತಾಸು ನಿಂತ ಏರಿಕೆಯ 24 ಅಳತೆಗಳಲ್ಲಿ ಒಂದಾದರೂ ಸಿಗುವ ಸಂಭವ ಕಾಲುಭಾಗಕ್ಕಿಂತ ಕಡಿಮೆ. ಸಾಲಿನ ಸರಾಸರಿ ಹಿಡಿದರೆ 2 ಮೀಟರ್ ಏರಿಕೆ ಸುಮಾರು 46 ಸೆಂಟಿಮೀಟರಿಗೆ ಕುಗ್ಗುತ್ತದೆ.

ಬಿಂದು ಕಡಿತದ ಹೆಸರಾಂತ ವಿಧಾನವೊಂದು ಕೆನಡಾದ್ದೇ. ಡೇವಿಡ್ ಡಗ್ಲಸ್ ಮತ್ತು ಥಾಮಸ್ ಪ್ಯೂಕರ್ ಅದನ್ನು 1973ರಲ್ಲಿ ಪ್ರಕಟಿಸಿದರು (ಉರ್ಸ್ ರಾಮರ್ ಒಂದು ವರ್ಷ ಮುಂಚೆಯೇ ಇದೇ ದಾರಿ ಹಿಡಿದಿದ್ದರು). ರೇಖೆಯ ಎರಡು ತುದಿಗಳನ್ನು ನೇರಗೆರೆಯಿಂದ ಸೇರಿಸಿ, ಆ ಗೆರೆಗೆ ಅತಿ ದೂರದ ಬಿಂದುವಿನಲ್ಲಿ ರೇಖೆಯನ್ನು ಸೀಳಿ, ತುಂಡುಗಳಿಗೂ ಹಾಗೆಯೇ ಮಾಡುತ್ತ ಹೋಗಬೇಕು. ದೂರ ಮಿತಿಯೊಳಗಿದ್ದರೆ ನಡುವಿನವನ್ನೆಲ್ಲ ಬಿಡಬಹುದು. ಕರಾವಳಿಯ ನಕಾಶೆಗೆ ಇದು ಒಪ್ಪುತ್ತದೆ. ಜಲಮಟ್ಟದ ಗ್ರಾಫಿನಲ್ಲಿ ಒಂದು ಅಕ್ಷ ತಾಸು, ಇನ್ನೊಂದು ಮೀಟರ್; ಗೆರೆಗೆ ಎಳೆದ ಲಂಬದ ಉದ್ದಕ್ಕೆ ಅಲ್ಲಿ ಅರ್ಥವೇ ಇಲ್ಲ. ತಾಸನ್ನು ನಿಮಿಷವಾಗಿಸಿದರೆ ಸಾಕು, ಉಳಿಯುವ ಬಿಂದುಗಳೇ ಬೇರೆಯಾಗಬಹುದು.

ಐಸ್‌ಲ್ಯಾಂಡಿನ ಸ್ವೇನ್ ಸ್ಟೈನಾರ್ಸನ್ 2013ರಲ್ಲಿ ಸೂಚಿಸಿದ ತ್ರಿಕೋನ ವಿಧಾನ ಕಣ್ಣಿಗೆ ಹಿತವೇ. ಆದರೆ ಅದು ರೇಖೆಯನ್ನು ಭಾಗಗಳಾಗಿ ಹಂಚಿ ಭಾಗಕ್ಕೊಂದೇ ಬಿಂದು ಉಳಿಸುವುದರಿಂದ, ಏರು–ಇಳಿತ ಒಂದೇ ಭಾಗದಲ್ಲಿ ಬಂದಾಗ ಎರಡರಲ್ಲೊಂದು ಹೋಗುತ್ತದೆ. ಊವೆ ಯೂಗೆಲ್ ಮತ್ತು ಸಂಗಡಿಗರ 2014ರ ‘ಎಂ4’ ವಿಧಾನವೇ ಇಲ್ಲಿಗೆ ತಕ್ಕದ್ದೆಂಬುದು ನನ್ನ ನಿಲುವು. ಪ್ರತಿ ಲಂಬಸಾಲಿನಲ್ಲಿ ಮೊದಲ, ಕೊನೆಯ, ಕನಿಷ್ಠ, ಗರಿಷ್ಠ ಎಂಬ ನಾಲ್ಕನ್ನು ಮಾತ್ರ ಅದು ಇಟ್ಟುಕೊಳ್ಳುತ್ತದೆ. ಬಿಂದುಗಳು 4,000 ಮೀರವು, ನೆರೆಯ ಶೃಂಗವೂ ಕಳೆಯದು. ಗ್ರಾಫನ್ನು ಹಿಗ್ಗಿಸಿದಾಗಲೆಲ್ಲ ಮೂಲ ಅಳತೆಗಳಿಂದ ಮತ್ತೆ ಆರಿಸಬೇಕು, ಅಷ್ಟೆ.

ಇನ್ನೊಂದು ಎಚ್ಚರ. ಗಡ್ಡೆ ಕಟ್ಟಿದಾಗ ಹರಿವು ಹೆಚ್ಚದೆಯೂ ಮಟ್ಟ ಏರುತ್ತದೆ. ಅದಕ್ಕೇ ವಾಟರ್ ಸರ್ವೇ ಆಫ್ ಕೆನಡಾ ಅಂಥ ದಿನಗಳ ಹರಿವಿನ ಅಂಕಿಗೆ ‘ಬಿ’ ಎಂಬ ಗುರುತು ಹಾಕುತ್ತದೆ. ಉಳಿಸಿಕೊಂಡ ಬಿಂದುವಿನೊಡನೆ ಗಡ್ಡೆಯ ಗುರುತನ್ನೂ ಉಳಿಸಿಕೊಳ್ಳದಿದ್ದರೆ ಓದುಗರು ಆ ಏರಿಕೆಯನ್ನು ಮಳೆಯ ನೆರೆಯೆಂದೇ ಓದುತ್ತಾರೆ.